ಹಡಗು ಇಳಿದ ಮೇಲಿನ ಎರಡು ದಿನ

ಫೆಬ್ರವರಿ 11, ಬೆಳಿಗ್ಗೆ 7

ಮೈನಸ್ ಇಪ್ಪತ್ತೆರಡು. ರಾತ್ರಿ ಕಾರಿನ ಎಂಜಿನ್ ಹೀಟರಿನ ಪ್ಲಗ್ ಹಾಕುವುದನ್ನು ಗೇಲನ್ ಮತ್ತೆ ಮರೆತಿದ್ದಾನೆ. ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಚರ್ಚಿಗೆ ನಡೆದೇ ಹೋಗಬೇಕು. ಇವತ್ತು ಹಾಲ್ವರ್ಸನ್ ಅಜ್ಜನ ಅಂತ್ಯಕ್ರಿಯೆ, ಆಮೇಲಿನ ಊಟಕ್ಕೆ ಹ್ಯಾಮ್ ಸ್ಯಾಂಡ್‌ವಿಚ್ ನನ್ನ ಪಾಲು. ಎಂಬತ್ತು.

ಹೊರಡುವ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಸಿಟ್ಟೆಲ್ಲ ಆ ಬ್ರೆಡ್ಡಿನ ಮೇಲೆ ತೀರುತ್ತದೆ. ನಿನ್ನೆ ಲವಾನ್ ಫೋನು, ಅರಿಜೋನದಿಂದ. ಗೇಲನ್‌ನ ತಂಗಿ, ನನ್ನ ನಾದಿನಿ. ಗಂಡ ಬಡ್ ತೀರಿಕೊಂಡ ಮೇಲೆ ಅಲ್ಲಿ ಒಬ್ಬಳೇ. ಜೂನ್‌ನಲ್ಲಿ ಮೂವರೂ ಸೇರಿ ಅಲಾಸ್ಕಕ್ಕೆ ಹಡಗಿನಲ್ಲಿ ಹೋಗೋಣ ಎಂಬುದು ಅವಳದೇ ಹುರುಪು. ನಮ್ಮ ಮದುವೆಯಾಗಿ ನಲವತ್ತೈದು ವರ್ಷ ಎಂಬುದು ನೆಪ.

"ಬುಕಿಂಗು ನೀನು ಮಾಡ್ತೀಯೋ ಮಾರ್ಲಿಸ್, ನಾನು ಮಾಡ್ಲೋ?" ಎಂದಳು.

"ಅಯ್ಯೋ, ನೀನೇ ಮಾಡು. ನಿನಗೆ ಇದೆಲ್ಲ ಚೆನ್ನಾಗಿ ಗೊತ್ತು."

"ಸರಿ ಹಾಗಾದ್ರೆ!"

ಸರಿ ಹಾಗಾದ್ರೆ! ಅಷ್ಟೇ! ಇಪ್ಪತ್ತೊಂಬತ್ತು ವರ್ಷ ಈ ಊರಿನ ಸ್ಕೂಲ್ ಬಸ್ಸುಗಳನ್ನು ಓಡಿಸಿದವಳು ನಾನು. ಸ್ಟೀರಿಂಗ್ ಹಿಡಿದಲ್ಲ, ಮೇಜಿನ ಹಿಂದೆ ರೇಡಿಯೋ ಹಿಡಿದು ಕೂತು, ಡಿಸ್ಪ್ಯಾಚರ್ ಆಗಿ. ನಲವತ್ತೊಂದು ಬಸ್ಸು, ಯಾವುದು ಎಷ್ಟು ಹೊತ್ತಿಗೆ ಯಾವ ತಿರುವಿನಲ್ಲಿ ಅಂತ ತಲೆಯಲ್ಲೇ ಇರುತ್ತಿತ್ತು. ಹಿಮದ ಬಿರುಗಾಳಿಯಲ್ಲೂ ಒಂದು ಮಗುವನ್ನು ದಾರಿಯಲ್ಲಿ ಬಿಟ್ಟವಳಲ್ಲ. ಲವಾನ್‌ಗೆ ಅದು ಗೊತ್ತು.

ಇಲ್ಲಿ ಮೂರ್‌ಹೆಡ್‌ನಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೇ ಸಲ, ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲಕ್ಕೆ, ಅಷ್ಟು ಹೇಳ್ತೀರಲ್ಲ, ಒಂದು ಚೂರು ಇರಲಿ. ಕಾಫಿಯಾದರೂ ಹಾಗೆ, ಕೇಕಾದರೂ ಹಾಗೆ, ಸತ್ತವರ ಮನೆಗೆ ಓವನ್‌ನಲ್ಲಿ ಬೇಯಿಸಿದ ಹಾಟ್‌ಡಿಶ್ ಒಯ್ದರೂ ಹಾಗೆ. ಲವಾನ್ ಇದೇ ಬೀದಿಯಲ್ಲಿ ಬೆಳೆದವಳು. ಮೂವತ್ತು ವರ್ಷದ ಅರಿಜೋನ ಬಿಸಿಲು ಮರ್ಯಾದೆಯನ್ನೆಲ್ಲ ಒಣಗಿಸಿಬಿಟ್ಟಿದೆ.

ಎಂಬತ್ತು ಸ್ಯಾಂಡ್‌ವಿಚ್. ಹೊರಟೆ.

ಫೆಬ್ರವರಿ 14

ಲವಾನ್ ಇಮೇಲ್. ಬಣ್ಣಬಣ್ಣದ ಪಟ್ಟಿ. ಕೆನಡಾದ ವ್ಯಾಂಕೂವರಿನಲ್ಲಿ ಹಡಗು ಹತ್ತುವುದು, ಏಳು ದಿನ, ಅಲಾಸ್ಕದ ಸೀವರ್ಡ್‌ನಲ್ಲಿ ಇಳಿಯುವುದು. ಅಲ್ಲಿಂದ ಬಸ್ಸಿನಲ್ಲಿ ಆಂಕರೇಜ್, ವಿಮಾನ, ಮನೆ. ಇಲ್ಲಿಯವರೆಗೆ ಸರಿ.

ಹೋಗುವ ದಾರಿ ನೋಡಿದರೆ ತಲೆ ತಿರುಗಿತು. ಹಡಗು ಹೊರಡುವ ದಿನವೇ ಬೆಳಿಗ್ಗೆ ಸಿಯಾಟಲ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿ ವ್ಯಾಂಕೂವರ್! ಶುಕ್ರವಾರ! ಗಡಿಯ ಸಾಲು ಎಷ್ಟುದ್ದ ಅಂತ ಯಾರಿಗೆ ಗೊತ್ತು? ಒಂದು ಟೈರ್ ಪಂಕ್ಚರ್ ಆದರೆ? ಹಡಗು ಯಾರ ಮಾವನ ಮನೆಯದ್ದೂ ಅಲ್ಲ, ಕಾಯುವುದಿಲ್ಲ. ಒಂದು ದಿನ ಮುಂಚೆ ಹೋಗಿ ಕೂರಬೇಕು ಅಂತ ಹಡಗು ಹತ್ತಿದ ಯಾವ ಮುದುಕನನ್ನು ಕೇಳಿದರೂ ಹೇಳುತ್ತಾನೆ.

ಉತ್ತರ ಬರೆದೆ: "ಪಟ್ಟಿ ನೋಡಿದೆ. ಸ್ವಲ್ಪ ಬೇರೆ ಥರ ಇದೆ."

ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅವಳಿಂದ ಉತ್ತರ: "ಥ್ಯಾಂಕ್ಸ್!!" ಜೊತೆಗೆ ಎರಡು ನಗುವ ಮುಖ.

ಫೆಬ್ರವರಿ 20

ಗೇಲನ್‌ನಿಂದ ಫೋನ್ ಮಾಡಿಸಿದೆ. ಹೋಗುವಾಗ ಒಂದು ದಿನ ಮುಂಚೆ ಎಂಬುದು ಗಟ್ಟಿಯಾಯಿತು. ಬರುವಾಗ, ಹಡಗು ಇಳಿದ ಮೇಲೆ, ಎರಡು ದಿನ ಅಲ್ಲೇ ಇರುವುದು ಎಂಬುದನ್ನೂ ಹೇಳಿಸಿದೆ. "ಅಲ್ಲಿ ಒಬ್ಬ ಅಣ್ಣ ಇದ್ದಾನಲ್ಲ ಮಾರ್ಲಿಸ್‌ಗೆ, ಹೋಗಿ ನೋಡಿ ಬರಬಹುದು" ಅಂತ ಗೇಲನ್ ಹೇಳಿದ, ಯಾರದೋ ಮನೆಯ ವಿಷಯ ಹೇಳುವ ಹಾಗೆ. ಲವಾನ್ ಪಟ್ಟಿಯಲ್ಲಿ ಎರಡು ದಿನ ಹಳದಿ ಬಣ್ಣ ಬಳಿದಳು.

ನನಗೆ ಈ ಪ್ರವಾಸದಲ್ಲಿ ಬೇಕಾದ್ದು ಆ ಹಳದಿ ಎರಡೇ. ಹಿಮನದಿ, ತಿಮಿಂಗಿಲ ಎಲ್ಲ ಅವರಿಬ್ಬರೇ ನೋಡಿಕೊಳ್ಳಲಿ.

ಮಾರ್ಚ್ 2

ಆರ್ವಿಡ್ ಬಗ್ಗೆ ಬರೆಯಬಾರದು ಅಂತ ಹದಿನಾರು ವರ್ಷ ಬರೆದಿಲ್ಲ. ಇವತ್ತು ಬರೆಯುತ್ತೇನೆ.

ಅಣ್ಣ. ನನಗಿಂತ ಐದು ವರ್ಷ ದೊಡ್ಡವನು. ಎಂಬತ್ತೊಂದನೇ ಇಸವಿಯಲ್ಲಿ ಮೀನು ಹಿಡಿಯುತ್ತೇನೆ ಅಂತ ಅಲಾಸ್ಕಕ್ಕೆ ಹೋದ, ನಿನಿಲ್‌ಚಿಕ್ ಎಂಬ ಸಮುದ್ರದಂಚಿನ ಹಳ್ಳಿಯಲ್ಲಿ ನಿಂತ. ಅಮ್ಮ ತೀರಿಕೊಂಡಾಗ ಬರಲಿಲ್ಲ. ಸಾಲ್ಮನ್ ಹಿಡಿಯುವ ಸುಗ್ಗಿಯಂತೆ, ದೋಣಿ ಬಿಡುವ ಹಾಗಿರಲಿಲ್ಲವಂತೆ. ಅಮ್ಮನಿಗಿಂತ ಮೀನು ಹೆಚ್ಚಾಯಿತಾ? ಹಾಗೇ ಕೇಳಿ ಕಾಗದ ಬರೆದೆ, ನಾಲ್ಕು ಪುಟ. ಉತ್ತರ ಇಲ್ಲ. ನಾನೂ ಎರಡನೇ ಕಾಗದ ಬರೆಯಲಿಲ್ಲ. ಯಾಕೆ ಬರೀಬೇಕು?

ಕ್ರಿಸ್‌ಮಸ್‌ಗೆ ಪ್ರತಿ ವರ್ಷ ಒಂದು ಪೆಟ್ಟಿಗೆ ಬರುತ್ತದೆ, ಹೊಗೆಯಲ್ಲಿ ಒಣಗಿಸಿದ ಸಾಲ್ಮನ್. ಒಳಗೆ ಒಂದು ಚೀಟಿಯೂ ಇರುವುದಿಲ್ಲ. ಗೇಲನ್ ತಿನ್ನುತ್ತಾನೆ. ನಾನು ಮುಟ್ಟುವುದಿಲ್ಲ.

ಏಪ್ರಿಲ್ 9, ಮಧ್ಯಾಹ್ನ

ಗೊತ್ತಿಲ್ಲದ ನಂಬರ್. ಎತ್ತಬಾರದಿತ್ತು, ಎತ್ತಿದೆ.

"ಆರ್ವಿಡ್ ತಂಗಿ ಅಲ್ವಾ ನೀವು? ನಾನು ಮಾರ್ಫಾ. ನಿನಿಲ್‌ಚಿಕ್‌ನಿಂದ. ಅವನ ಪಕ್ಕದ ಮನೆ." ಒಂದು ಸುತ್ತು ಬಳಸು ಇಲ್ಲದ ದನಿ. "ಅವನ ಹೃದಯ ಕೆಟ್ಟಿದೆ. ಬೇಸಿಗೆ ದಾಟೋದು ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ನೀವು ಹಡಗಲ್ಲಿ ಬರ್ತಿದ್ದೀರಂತೆ?"

"ಯಾರು ಹೇಳಿದ್ದು?"

"ನಿಮ್ಮ ಯಜಮಾನರು. ಅವರು ಆಗಾಗ ಆರ್ವಿಡ್‌ಗೆ ಫೋನ್ ಮಾಡ್ತಾರಲ್ಲ."

ಗೇಲನ್! ಹದಿನಾರು ವರ್ಷ! ತುಟಿ ಪಿಟಕ್ಕೆಂದಿಲ್ಲ! ಆಮೇಲೆ ಕೇಳಿದರೆ, "ಮೀನು ಕಳಿಸ್ತಾನಲ್ಲ, ಥ್ಯಾಂಕ್ಸ್ ಹೇಳೋದು ಬೇಡ್ವಾ" ಎಂದ.

ಆ ಫೋನಿನಲ್ಲೇ ಮಾರ್ಫಾಳನ್ನು ಕೇಳಿದೆ, "ನಾನು ಬರೋ ವಿಷಯಕ್ಕೆ ಅವನು ಏನಂದ?"

"'ಅವಳು ಬರೋದೇನೂ ಬೇಕಾಗಿಲ್ಲ' ಅಂದ."

ಫೋನ್ ಇಟ್ಟು ಸಿಂಕಿನ ಮುಂದೆ ನಿಂತು ಅತ್ತೆ. ಬರೋದೇನೂ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಇದಕ್ಕಿಂತ ಬಿಡಿಸಿ ಯಾರೂ ಯಾರನ್ನೂ ಕರೆದದ್ದಿಲ್ಲ.

ಮೇ 3

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ? ಬಂದಳು ಲವಾನ್, ಫೋನಿನಲ್ಲಿ. ಕಿರುಚುತ್ತಾ.

"ಮಾರ್ಲಿಸ್, ಪಾಸ್‌ಪೋರ್ಟ್ ಬೇಕಂತೆ! ನನ್ನ ಹತ್ರ ಇಲ್ಲ! ಹೋದ ಸಲ ಬರೀ ಜನನ ಪತ್ರದಲ್ಲಿ ಹೋಗಿದ್ನಲ್ಲ!"

ಹೋದ ಸಲ ಅವಳು ಹೋದದ್ದು ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿಯುವ ಹಡಗು. ಹೊರಟ ಊರಿಗೇ ಮರಳುವ ಹಡಗಿಗೆ ಜನನ ಪತ್ರ ನಡೆಯುತ್ತದೆ. ನಮ್ಮದು ಕೆನಡಾದಲ್ಲಿ ಹತ್ತುವುದು. ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು, ನಮ್ಮಿಬ್ಬರ ಪಾಸ್‌ಪೋರ್ಟ್ ಸದ್ದಿಲ್ಲದೆ ಮಾಡಿಸಿ ಇಟ್ಟಿದ್ದೇನೆ. ಅವಳಿಗೆ ಹೇಳಿರಲಿಲ್ಲವಾ? ಹೇಳಿದ್ದೆ! "ಕಾಗದಪತ್ರ ಎಲ್ಲ ನೀನು ನೋಡಿಯೇ ಇರ್ತೀಯ" ಅಂತ ಬರೆದಿದ್ದೆ. ಇನ್ನು ಹೇಗೆ ಹೇಳುವುದು?

ಅರ್ಜೆಂಟ್ ಅರ್ಜಿ ಹಾಕಿದ್ದಾಳೆ. ಮೂರು ವಾರವಂತೆ. ಅವಳ ದನಿ ಕೇಳಿ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಮೇ 6, ಸಂಜೆ 5

ಆ ಖುಷಿಗೆ ಬಡ್ಡಿ ಸಮೇತ ತೆತ್ತೆ.

ಲವಾನ್ ಫೋನು. ಸುಸ್ತಾದ ದನಿ. ಪಾಸ್‌ಪೋರ್ಟ್ ಗಡಿಬಿಡಿಯಲ್ಲಿ ಹಿಂದಿರುಗುವ ಟಿಕೆಟ್ ಮಾಡುವುದು ಬಿಟ್ಟುಹೋಗಿತ್ತಂತೆ. ಈಗ ನೋಡಿದರೆ ಜೂನ್ ಇಪ್ಪತ್ಮೂರಕ್ಕೆ ಒಟ್ಟಿಗೆ ಮೂರು ಸೀಟು ಇಲ್ಲ. ಇಪ್ಪತ್ತೊಂದಕ್ಕೆ, ಹಡಗು ಇಳಿದ ದಿನವೇ ಸಂಜೆ, ಇವೆ.

"ಆ ಎರಡು ದಿನ ನಿನಗೆ ಬೇಕೇ ಬೇಕಾ ಮಾರ್ಲಿಸ್? ಬೇಕು ಅಂದ್ರೆ ಬೇರೆ ಏನಾದ್ರೂ ಹುಡುಕ್ತೀನಿ."

"ಅಯ್ಯೋ ಬೇಡ ಬೇಡ, ನಿನಗ್ಯಾಕೆ ಅಷ್ಟು ತೊಂದರೆ."

"ಬೇಡ ತಾನೆ? ಸರಿ, ಇಪ್ಪತ್ತೊಂದಕ್ಕೇ ಮಾಡಿಬಿಡ್ತೀನಿ."

ಟಕ್ ಅಂತ ಕೀಲಿ ಒತ್ತಿದ ಸದ್ದು ಕೇಳಿಸಿತು. ನಾನು ಫೋನ್ ಹಿಡಿದು ನಿಂತೇ ಇದ್ದೆ. ಇನ್ನೊಂದು ಸಲ ಕೇಳುತ್ತಾಳೆ, ಕೇಳುತ್ತಾಳೆ ಅಂತ. "ಬಂತು ಕನ್ಫರ್ಮೇಷನ್ನು!" ಎಂದಳು.

ಮೈಯೆಲ್ಲ ಉರಿ. ಹಾಟ್‌ಡಿಶ್ ಓವನ್‌ನಲ್ಲಿ ಕರಕಲಾಯಿತು, ಅದನ್ನೇ ಗೇಲನ್ ಮುಂದೆ ಇಟ್ಟೆ.

ಮೇ 7

ಬೆಳಿಗ್ಗೆ ಗೇಲನ್‌ಗೆ ಹೇಳಿದೆ, "ನಿನ್ನ ತಂಗಿ ನನ್ನ ಎರಡು ದಿನ ತಿಂದುಹಾಕಿದಳು."

"ನೀನು ಬೇಡ ಅಂದ್ಯಂತಲ್ಲ."

"ಬೇಡ ಅಂದ್ರೆ ಬೇಡ ಅಂತಲಾ?"

"ಅಲ್ಲ," ಎಂದ. ಅವನಿಗೆ ಅರ್ಥವಾಗುತ್ತದೆ, ಅವನೂ ಇದೇ ಊರಿನವನು. "ನಾನು ಫೋನ್ ಮಾಡಿ ಹೇಳ್ಲಾ?"

"ಏನೂ ಬೇಡ."

ಪೇಪರ್ ಎತ್ತಿಕೊಂಡು ಓದತೊಡಗಿದ! ಕೋಲೆ ಬಸವ! ಅವಳು ಕೇಳಿದರೂ ತಲೆಯಾಡಿಸುವುದು, ನಾನು ಕೇಳಿದರೂ ತಲೆಯಾಡಿಸುವುದು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಬೀಟ್‌ಗೆಡ್ಡೆ ಕೊಚ್ಚುವ ಯಂತ್ರದ ಪಕ್ಕ ನಿಂತು ಕಿವಿ ಹೋಗಿದೆ ಅಂತಾನೆ. ಕಿವಿಯಲ್ಲ ಹೋದದ್ದು.

ಲವಾನ್‌ಗೆ ನಾನೇ ಫೋನ್ ಮಾಡಿ, ಅಣ್ಣ ಸಾಯ್ತಿದ್ದಾನೆ, ಆ ದಿನಗಳು ನನಗೆ ಬೇಕು ಅನ್ನಬಹುದು. ಭಿಕ್ಷೆ ಬೇಡಿದ ಹಾಗಾಗುತ್ತದೆ. ಬೇಡುವುದಿಲ್ಲ.

ಮೇ 28

ಮೂರು ವಾರ ಬರೆಯಲಿಲ್ಲ. ಬರೆದರೆ ಪುಟ ಸುಟ್ಟುಹೋಗುತ್ತಿತ್ತು.

ಮಾರ್ಫಾಗೆ ಫೋನ್ ಮಾಡಿದೆ. ಎರಡು ದಿನ ಸಿಗಲಿಲ್ಲ ಎಂದೆ. ಯಾಕೆ ಅಂತ ಅವಳು ಕೇಳಲಿಲ್ಲ.

"ಹಡಗು ಸೀವರ್ಡ್‌ಗೆ ಎಷ್ಟೊತ್ತಿಗೆ?"

"ಬೆಳಿಗ್ಗೆ ಆರಕ್ಕೆ. ಆಂಕರೇಜ್ ಬಸ್ಸು ಒಂಬತ್ತಕ್ಕೆ."

"ಹಾಗಾದ್ರೆ ಏಳಕ್ಕೆ ಅವನನ್ನ ಅಲ್ಲಿ ತಂದು ಕೂರಿಸ್ತೀನಿ. ನನ್ನ ಟ್ರಕ್‌ನಲ್ಲಿ. ಎರಡೂವರೆ ಗಂಟೆ ದಾರಿ."

"ಅಯ್ಯೋ, ನಿಮಗ್ಯಾಕೆ ಅಷ್ಟು—"

"ನೋಡಿ ಮಾರ್ಲಿಸ್, ಬೇಕೋ ಬೇಡ್ವೋ?"

"ಬೇಕು."

ಎರಡು ದಿನ ಹೋಗಿ ಎರಡು ಗಂಟೆ ಆಯಿತು. ಪಾರ್ಕಿಂಗ್ ಜಾಗದಲ್ಲಿ, ಟ್ರಕ್ಕಿನ ಒಳಗೆ. ಹದಿನಾರು ವರ್ಷದ್ದು ಅಷ್ಟರಲ್ಲಿ ಮುಗಿಸಬೇಕು. ಬರೆದುಕೊಂಡು ಹೋಗಬೇಕೇನೋ.

ಜೂನ್ 13, ವ್ಯಾಂಕೂವರ್, ಹೋಟೆಲು

ನಿನ್ನೆ ನದಿಯಾಚೆಯ ಫಾರ್ಗೊದಿಂದ ವಿಮಾನದಲ್ಲಿ ಮಿನಿಯಾಪೊಲಿಸ್, ಅಲ್ಲಿಂದ ಸಿಯಾಟಲ್. ಇವತ್ತು ಬಸ್ಸು. ಗಡಿಯಲ್ಲಿ ಒಂದು ಗಂಟೆ ಐವತ್ತು ನಿಮಿಷ ನಿಂತೆವು. "ಒಂದು ದಿನ ಮುಂಚೆ ಬಂದದ್ದು ಒಳ್ಳೇದಾಯ್ತು ನೋಡು" ಎಂದಳು ಲವಾನ್, ಅದು ತನ್ನದೇ ಬುದ್ಧಿ ಎಂಬಂತೆ. ಹೊಸ ಪಾಸ್‌ಪೋರ್ಟನ್ನು ಕತ್ತಿಗೆ ತೂಗುಹಾಕಿಕೊಂಡಿದ್ದಾಳೆ, ಎಲ್ಲರಿಗೂ ಕಾಣಲಿ ಅಂತ.

ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ.

ಜೂನ್ 15, ಸಮುದ್ರದಲ್ಲಿ

ಲವಾನ್ ಆಜ್ಞೆ: ಮೂರೂ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿ ಇರಬೇಕು. ಹಡಗಿನ ಸಿಗ್ನಲ್ ಹಿಡಿದರೆ ಬಿಲ್ಲು ಕಣ್ಣೀರು ತರಿಸುತ್ತದಂತೆ. ಅದು ನಿಜ. ತನ್ನ ಕೈಯಾರೆ ಮೂರನ್ನೂ ಒತ್ತಿದಳು.

ತಿನ್ನುವುದು, ಮಲಗುವುದು, ತಿನ್ನುವುದು. ಗೇಲನ್‌ಗೆ ಸ್ವರ್ಗ.

ಜೂನ್ 17, ಜೂನೋ

ಬಂದರಿನಲ್ಲಿ ಐದು ಹಡಗು, ಬೀದಿಯಲ್ಲಿ ಹತ್ತು ಸಾವಿರ ಜನ, ಎಲ್ಲರೂ ಒಂದೇ ಥರದ ಜಾಕೆಟ್ ಕೊಳ್ಳುತ್ತಿದ್ದಾರೆ. ಲವಾನ್ ಮೂರು ಕೊಂಡಳು. ನನಗೊಂದು ಕೊಡಿಸಲು ಬಂದಳು, ಬೇಡ ಎಂದೆ, ಸುಮ್ಮನಾದಳು. ನಿಜವಾಗಿಯೂ ಬೇಡವಾಗಿತ್ತು, ಆದರೂ ಸಿಟ್ಟು ಬಂತು.

ಟ್ರಕ್ಕಿನಲ್ಲಿ ಹೇಳಬೇಕಾದ್ದನ್ನು ಹಡಗಿನ ಕಾಗದದ ಮೇಲೆ ಬರೆಯುತ್ತಿದ್ದೇನೆ. ಮೂರು ಪುಟ ಬರೀ ಬೈಗುಳ. ಒಂದು ಕಡೆ, ಅಮ್ಮ ಕೊನೆಗೆ ನಿನ್ನ ಹೆಸರನ್ನೇ ಕರೆದಳು, ನಾನು ಪಕ್ಕದಲ್ಲಿದ್ದರೂ ನನ್ನದನ್ನಲ್ಲ, ಅಂತ ಬರೆದೆ. ಬರೆದ ಮೇಲೆ ತಿಳಿಯಿತು, ಕೋಪ ಬೇರು ಬಿಟ್ಟದ್ದು ಅಲ್ಲಿ.

ಜೂನ್ 18, ಸ್ಕ್ಯಾಗ್‌ವೇ, ಬೆಳಿಗ್ಗೆ 10

ದಡದ ಮೇಲೆ ಒಬ್ಬಾಕೆ ಫೋನಿನಲ್ಲಿ ಮೊಮ್ಮಗನ ಜೊತೆ ಮಾತಾಡುತ್ತಿದ್ದಳು. ಆಗ ಹೊಳೆಯಿತು. ಊರುಗಳಲ್ಲಿ ಮಾಮೂಲಿ ಸಿಗ್ನಲ್ ಸಿಗುತ್ತದೆ, ದಡಕ್ಕೆ ಇಳಿದಾಗ ಆ ಮೋಡ್ ತೆಗೆಯಬೇಕು. ಮೊನ್ನೆ ಕೆಚಿಕನ್ ಬಂದರಿನಲ್ಲಿ ತೆಗೆಯಲಿಲ್ಲ, ನಿನ್ನೆ ಜೂನೋದಲ್ಲಿ ತೆಗೆಯಲಿಲ್ಲ. ನನಗೆ, ಡಿಸ್ಪ್ಯಾಚರ್‌ಗೆ, ರೇಡಿಯೋ ಆಫ್ ಮಾಡಿ ಕೂತವಳಿಗೆ ಏನನ್ನಬೇಕು!

ತೆಗೆದೆ. ಮಾರ್ಫಾ, ಹದಿನಾರನೇ ತಾರೀಕಿನದು: "ಆರ್ವಿಡ್‌ಗೆ ಉಸಿರು ಕಟ್ತು. ವಿಮಾನದಲ್ಲಿ ಆಂಕರೇಜ್ ಆಸ್ಪತ್ರೆಗೆ ಒಯ್ದಿದ್ದಾರೆ. ನಾನೂ ಹೊರಟೆ. ಸೀವರ್ಡ್‌ಗೆ ನಾವು ಬರಲ್ಲ." ಹದಿನೇಳನೆಯದು: "ಎಚ್ಚರ ಇದ್ದಾನೆ. ಫೋನ್ ಮಾಡಿ."

ಮಾಡಿದೆ. ಮಾರ್ಫಾ ಎತ್ತಲಿಲ್ಲ. ಮತ್ತೆ ಮಾಡಿದೆ.

ನಿನ್ನೆ ಜೂನೋದಲ್ಲಿ ನೋಡಿದ್ದರೆ ಅಲ್ಲಿಂದಲೇ ವಿಮಾನ ಹಿಡಿಯುತ್ತಿದ್ದೆ. ಎರಡು ಗಂಟೆಯ ಹಾರಾಟ. ಜಾಕೆಟ್ ಅಂಗಡಿಯಲ್ಲಿ ನಿಂತಿದ್ದೆ ನಾನು! ಇಲ್ಲಿಂದ ಚಿಕ್ಕ ವಿಮಾನಗಳು ಮಾತ್ರ. ಹೋಗಿ ವಿಚಾರಿಸಿದೆ. ಕೌಂಟರಿನ ಹುಡುಗಿ ಕಿಟಕಿಯತ್ತ ಕೈ ತೋರಿಸಿದಳು. ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು.

"ಇವತ್ತು ಯಾವುದೂ ಹಾರಲ್ಲಮ್ಮ. ನಾಳೆ ನೋಡಬೇಕು."

"ನಾಳೆ ತೆರೆಯುತ್ತಾ?"

"ದೇವರಿಗೇ ಗೊತ್ತು."

ಉಳಿದರೆ ಇಲ್ಲೇ ಸಿಕ್ಕಿಬೀಳಬಹುದು. ಹಡಗಾದರೆ ನಿಧಾನ, ಆದರೆ ಇಪ್ಪತ್ತೊಂದಕ್ಕೆ ಮುಟ್ಟಿಸುವುದು ಖಂಡಿತ. ಖಂಡಿತವಾದ ಬಸ್ಸನ್ನು ಬಿಡಬಾರದು. ಹಡಗಿಗೆ ಮರಳಿದೆ. ಲೆಕ್ಕ ಸರಿ ಅಂತ ಗೊತ್ತು, ಆದರೂ ಆ ಹುಡುಗಿಗೆ ಥ್ಯಾಂಕ್ಸ್ ಹೇಳದೆ ಬಂದೆ. ಜೀವನದಲ್ಲಿ ಮೊದಲ ಸಲ.

ಜೂನ್ 19, ಮಧ್ಯಾಹ್ನ 3

ಆಯಿತು. ಸಿಡಿದೆ. ಎಲ್ಲರ ಮುಂದೆ.

ಹಿಮನದಿಯ ಎದುರು ಹಡಗು ನಿಂತಿತ್ತು. ಮೇಲಿನ ಡೆಕ್, ಜನವೋ ಜನ. ಲವಾನ್ ಕೈಯಲ್ಲಿ ಪಟ್ಟಿ. "ಆಂಕರೇಜ್‌ನಲ್ಲಿ ವಿಮಾನಕ್ಕೆ ಮುಂಚೆ ಎಂಟು ಗಂಟೆ ಖಾಲಿ ಇದೆ. ಟ್ರಾಲಿಯಲ್ಲಿ ಊರು ಸುತ್ತೋಣ್ವಾ, ಮ್ಯೂಸಿಯಮ್ಮಾ? ನಿನಗೇನಿಷ್ಟ ಮಾರ್ಲಿಸ್?"

"ನನಗೇನಿಷ್ಟ ಅಂತ ಈಗ ಕೇಳ್ತೀಯಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನನ್ನ ಅಣ್ಣ ಸಾಯ್ತಾ ಬಿದ್ದಿದ್ದಾನೆ! ಅವನಿಗೆ ಅಂತ ಇದ್ದದ್ದು ಎರಡೇ ದಿನ, ಅದನ್ನ ಕಿತ್ಕೊಂಡೆ! ಮ್ಯೂಸಿಯಮ್ಮಂತೆ!"

ಜನ ಹಿಮನದಿ ಬಿಟ್ಟು ನಮ್ಮನ್ನು ನೋಡಿದರು. ಗೇಲನ್ ಕೈಯಲ್ಲಿ ಸೂಪಿನ ಬಟ್ಟಲು ಹಿಡಿದು ಕಂಬದ ಹಾಗೆ ನಿಂತ.

ಲವಾನ್ ಮುಖ ಬಿಳುಚಿತು. "ಸಾಯ್ತಿದ್ದಾನಾ? ಯಾಕೆ ಹೇಳಲಿಲ್ಲ? ನಾನು ಕೇಳಿದ್ನಲ್ಲ ಮಾರ್ಲಿಸ್, ಬೇಕಾ ಅಂತ. ನೀನು ಬೇಡ ಅಂದೆ!"

"ಒಂದು ಸಲ ಬೇಡ ಅಂದ್ರೆ ಇನ್ನೊಂದು ಸಲ ಕೇಳಬೇಕು! ನಿನ್ನಮ್ಮ ನಿನಗೆ ಕಲಿಸಲಿಲ್ವಾ? ಅರಿಜೋನಕ್ಕೆ ಹೋಗಿ ಮರೆತ್ಯಾ?"

"ಮರೆತಿಲ್ಲ." ಅವಳ ದನಿ ತಗ್ಗಿತು. "ಮರೆತಿಲ್ಲ ಕಣೇ. ನಮ್ಮ ಬಡ್‌ಗೆ ಕ್ಯಾನ್ಸರ್ ಅಂದಾಗ ನೀನು ಫೋನ್ ಮಾಡಿದ್ದೆ. ನೆನಪಿದ್ಯಾ? 'ನಾವು ಬರ್ಬೇಕಾ ಲವಾನ್?' ಅಂದೆ. ನಾನು 'ಬೇಡ, ನಿಮಗ್ಯಾಕೆ ತೊಂದರೆ' ಅಂದೆ. ಆಮೇಲೆ ದಿನಾ ಕಾದೆ. ಇನ್ನೊಂದು ಸಲ ಕೇಳ್ತೀಯ ಅಂತ. ಹನ್ನೊಂದು ವಾರ. ಬಡ್ ಸತ್ತ. ಕಾರ್ಡ್ ಬಂತು ನಿಮ್ಮಿಂದ, ಹೂವಿನ ಚಿತ್ರದ್ದು."

ಹಿಮದ ಗೋಡೆಯಿಂದ ಒಂದು ತುಂಡು ಕುಸಿಯಿತು, ಜನ ಓ ಎಂದರು. ನಾವು ಯಾರೂ ತಿರುಗಲಿಲ್ಲ.

"ಅವತ್ತೇ ತೀರ್ಮಾನ ಮಾಡಿದೆ," ಎಂದಳು. "ಯಾರೇ ಆಗಲಿ, ಬೇಡ ಅಂದ್ರೆ ಬೇಡ. ಬೇಕು ಅಂದ್ರೆ ಬೇಕು. ಈ ಆಟ ನನ್ನ ಕೈಲಿ ಇನ್ನು ಆಗಲ್ಲ."

ಪಟ್ಟಿಯನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು.

ಈಗ ಕ್ಯಾಬಿನ್‌ನಲ್ಲಿ ಕೂತಿದ್ದೇನೆ. ಕಾರ್ಡ್ ಆರಿಸಿದ್ದು ನಾನೇ. ಚೆನ್ನಾಗಿದೆ ಅಂತ ಎರಡು ಅಂಗಡಿ ಸುತ್ತಿ ಆರಿಸಿದ್ದೆ. ಮತ್ತೆ ಫೋನ್ ಮಾಡಬೇಕು ಅಂತ ನನಗೆ ಗೊತ್ತಿತ್ತು. ಆ ವಾರ ಬಸ್ಸಿನ ಹೊಸ ರೂಟುಗಳ ಕೆಲಸ ಇತ್ತು. ಆಮೇಲಿನ ವಾರವೂ ಇತ್ತು. ಆರ್ವಿಡ್‌ಗೆ ಮೀನಿತ್ತು, ನನಗೆ ಬಸ್ಸು.

ಇನ್ನೂ ಸಿಟ್ಟಿದೆ. ಈಗ ಯಾರ ಮೇಲೆ ಅಂತ ಹೇಳುವುದು ಕಷ್ಟ.

ಜೂನ್ 20, ಬೆಳಿಗ್ಗೆ

ಲವಾನ್ ಬಾಗಿಲು ತಟ್ಟಿದಳು. ಕಣ್ಣು ಊದಿತ್ತು, ಕೈಯಲ್ಲಿ ಹೊಸ ಹಾಳೆ.

"ಬಸ್ಸು ಹನ್ನೆರಡಕ್ಕೆ ಮುಟ್ಟುತ್ತೆ. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹದಿನೈದು ನಿಮಿಷ. ಸಾಮಾನು ನಾನು ನೋಡ್ಕೋತೀನಿ. ಆರಕ್ಕೆ ನೀನು ಏರ್‌ಪೋರ್ಟ್‌ನಲ್ಲಿ ಇರ್ಬೇಕು. ಅಂದ್ರೆ ಐದು ಗಂಟೆ ಹೊತ್ತು. ಸಾಕಾ?"

"ಸಾಕು," ಎಂದೆ. ಬಾಯಿಗೆ ಅದೇ ಬರುವುದು.

ಅವಳು ಸುಮ್ಮನೆ ನೋಡಿದಳು. ಕೇಳಲಿಲ್ಲ.

"ಸಾಕಾಗಲ್ಲ," ಎಂದೆ. "ನಾನು ಇಪ್ಪತ್ತೊಂದಕ್ಕೆ ಬರಲ್ಲ. ನನ್ನ ಟಿಕೆಟ್ ಬದಲಾಯಿಸು. ಯಾವತ್ತಿಗೆ ಅಂತ ಗೊತ್ತಿಲ್ಲ."

"ಹಾಗೆ ಹೇಳು," ಎಂದಳು. ಹಾಸಿಗೆಯ ಅಂಚಿನಲ್ಲಿ ಕೂತು ಹಾಳೆಯಲ್ಲಿ ಗೀಚತೊಡಗಿದಳು. ನಾನು ಪೆನ್ನು ಕಿತ್ತುಕೊಂಡು ಅವಳ ಟ್ಯಾಕ್ಸಿ ಲೆಕ್ಕ ತಿದ್ದಿದೆ. ಬಸ್ಸು ನಿಲ್ಲುವ ಕಡೆ ಒಟ್ಟಿಗೆ ಐವತ್ತು ಜನ ಟ್ಯಾಕ್ಸಿಗೆ ನಿಲ್ಲುತ್ತಾರೆ, ಮೊದಲೇ ಹೇಳಿಟ್ಟುಕೊಳ್ಳಬೇಕು. "ಅದು ಸರಿ," ಎಂದಳು. ನಾವಿಬ್ಬರೂ ಮಾತಾಡಿದ್ದು ಅಷ್ಟೇ. ಬಡ್ ವಿಷಯ ನಾನು ಎತ್ತಲಿಲ್ಲ. ಎತ್ತಬೇಕು.

ಗೇಲನ್ ಎಂದ, "ನಾನೂ ಉಳೀತೀನಿ."

ಬೇಡ ಅಂತ ಬಾಯಿ ತೆರೆದೆ. ಮುಚ್ಚಿಕೊಂಡೆ.

ಜೂನ್ 21, ಮಧ್ಯಾಹ್ನ 2, ಆಂಕರೇಜ್

ಆಸ್ಪತ್ರೆ. ನಾಲ್ಕನೇ ಮಹಡಿ. ಇದ್ದಾನೆ.

ಬಸ್ಸಿನಲ್ಲಿ ಬರುವಾಗ ಒಂದು ಕವಲು ಬಂತು, ಎಡಕ್ಕೆ ನಿನಿಲ್‌ಚಿಕ್ ಕಡೆಯ ರಸ್ತೆ. ಬಸ್ಸು ಬಲಕ್ಕೆ ಹೋಯಿತು. ಒಂದೂವರೆ ತಿಂಗಳು ಆ ಎಡದ ರಸ್ತೆಗಾಗಿ ಉರಿದಿದ್ದೆ, ಈಗ ಅಲ್ಲಿ ಯಾರೂ ಇಲ್ಲ. ಸೀವರ್ಡ್‌ನಿಂದಲೇ ಲವಾನ್ ವಿಮಾನದವರ ಜೊತೆ ಫೋನಿನಲ್ಲಿ ಜಗಳ ಹಿಡಿದಿದ್ದಳು. "ಸಾಯೋರು ನಿಮ್ಮ ಟೈಮ್‌ಟೇಬಲ್ ನೋಡ್ಕೊಂಡು ಸಾಯ್ತಾರೇನ್ರೀ?" ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ. ಬದಲಾಯಿಸಿಕೊಟ್ಟರು.

ಬಾಗಿಲಲ್ಲಿ ಮಾರ್ಫಾ. ಗಟ್ಟಿಮುಟ್ಟಾದ ಹೆಂಗಸು, ರಬ್ಬರ್ ಬೂಟು. "ಬಂದ್ರಾ. ಹೋಗಿ ಒಳಗೆ," ಎಂದಳು.

ಅಷ್ಟು ದೊಡ್ಡ ಆಳು, ಹಾಸಿಗೆಯಲ್ಲಿ ಇಷ್ಟೇ ಇದ್ದಾನೆ. ಮೂಗಿಗೆ ನಳಿಕೆ. ನನ್ನನ್ನು ನೋಡಿ ಮೊದಲು ಅಂದದ್ದು, "ಲೇ ಮಾರ್ಲಿಸ್. ಇಷ್ಟು ದೂರ ಯಾಕೆ ಬಂದೆ. ಬೇಕಿರಲಿಲ್ಲ."

ಇಷ್ಟು ದಿನ ಇದೇ ಮಾತನ್ನು ಕರೆ ಅಂತ ಓದಿಕೊಂಡು ಬಂದವಳು. ಎದುರಿಗೆ ಕೇಳಿದಾಗ ತಡೆಯಲಾಗಲಿಲ್ಲ. "ಬೇಕಿರಲಿಲ್ವಾ? ಸರಿ. ಕೆಳಗೆ ಟ್ಯಾಕ್ಸಿ ಇದೆ, ಹೋಗ್ತೀನಿ!" ಚೀಲ ಎತ್ತಿದೆ. ಬೆದರಿಕೆಯಲ್ಲ, ಹೋಗಿಯೇಬಿಡುತ್ತಿದ್ದೆ. ಬಾಗಿಲವರೆಗೆ ಹೋದೆ.

"ಹೋಗಬೇಡ," ಎಂದ.

ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡಿದವರಲ್ಲ. ಅಪ್ಪ ಆಡಲಿಲ್ಲ, ಅಮ್ಮ ಆಡಲಿಲ್ಲ. ಹಿಂತಿರುಗಿ ಬಂದು ಕುರ್ಚಿ ಎಳೆದು ಕೂತೆ.

"ನಿನ್ನ ಮೇಲೆ ಇನ್ನೂ ಸಿಟ್ಟಿದೆ ನನಗೆ," ಎಂದೆ.

"ಗೊತ್ತು. ನಾಲ್ಕು ಪುಟ ಬರೆದಿದ್ದೆಯಲ್ಲ. ಇಟ್ಟಿದ್ದೀನಿ."

"ಈಗ ಆರು ಪುಟ ಆಗಿದೆ."

"ಓದು," ಎಂದ. ಕಣ್ಣು ಮುಚ್ಚಿಕೊಂಡ.

ಎರಡು ಪುಟ ಓದಿದೆ. ನಿದ್ದೆ ಹೋದ. ಮಲಗಲಿ.

ಜೂನ್ 22, ಬೆಳಿಗ್ಗೆ 9.30

ನಿನ್ನೆ ಸಂಜೆ ಲವಾನ್ ಒಬ್ಬಳೇ ವಿಮಾನ ಹತ್ತಿದಳು. ಹೊರಡುವ ಮೊದಲು ಆಸ್ಪತ್ರೆಯ ಕೆಳಗೆ ಬೆಂಚಿನ ಮೇಲೆ ಕೂತು ಬಡ್ ಬಗ್ಗೆ ಕೇಳಿದೆ. ಕೊನೆಯ ದಿನಗಳು ಹೇಗಿದ್ದವು ಅಂತ. ಇಪ್ಪತ್ತು ನಿಮಿಷ ಹೇಳಿದಳು. ಕ್ಷಮಿಸು ಎಂದೆ. ಪರವಾಗಿಲ್ಲ ಅನ್ನಲಿಲ್ಲ ಅವಳು. "ತಡವಾಯ್ತು ಮಾರ್ಲಿಸ್," ಎಂದಳು. ಹೌದು.

ಇವತ್ತು ಆರ್ವಿಡ್‌ಗೆ ಏದುಸಿರು ಹೆಚ್ಚು. ಆದರೂ "ಎಲ್ಲಿಗೆ ನಿಲ್ಲಿಸಿದ್ದೆ?" ಅಂತ ಅವನೇ ಕೇಳಿದ. ಮೂರನೇ ಪುಟ ಓದಿದೆ. ಅಮ್ಮ ಅವನ ಹೆಸರು ಕರೆದದ್ದು. ಓದುವಾಗ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಮೀನಿನ ಬಲೆ ಎಳೆದ ಕೈ, ಇನ್ನೂ ಒರಟು.

"ನಿನ್ನನ್ನ ಕರೀಬೇಕಾಗಿರಲಿಲ್ಲ ಅವಳಿಗೆ," ಎಂದ. "ನೀನು ಅಲ್ಲೇ ಇದ್ದೆಯಲ್ಲ."

ಇಂಥ ಒಂದು ಮಾತಿಗೆ ಹದಿನಾರು ವರ್ಷ ಕಾಯಿಸಿದೆಯೇನೋ? ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುತ್ತಿತ್ತು! ಹಾಗೆಂದು ಬೈಯುವಷ್ಟರಲ್ಲಿ ನರ್ಸ್ ಬಂದು ಏನೋ ಟೆಸ್ಟ್ ಅಂತ ಮಾರ್ಫಾಳೊಬ್ಬಳನ್ನು ಬಿಟ್ಟು ನಮ್ಮನ್ನು ಹೊರಗೆ ಕಳಿಸಿದಳು.

ಕಾರಿಡಾರ್. ಗೇಲನ್ ಕಾಫಿ ತರಲು ಹೋಗಿದ್ದಾನೆ. ಇನ್ನೂ ಮೂರು ಪುಟ ಬಾಕಿ. ನಾಲ್ಕನೆಯದರಲ್ಲಿ ಬರೀ ಬೈಗುಳ, ಅದನ್ನು ಬಿಡಬಹುದು. ಐದರಲ್ಲಿ ಆ ಕ್ರಿಸ್‌ಮಸ್ ಮೀನಿನ ವಿಷಯ ಇದೆ, ನಾನು ಒಂದು ಸಲವೂ ತಿನ್ನಲಿಲ್ಲ ಅನ್ನುವುದು, ಅದನ್ನು ಹೇಳಲೇಬೇಕು, ಮತ್ತೆ ಆರರಲ್ಲಿ ಅಪ್ಪನ ಗಡಿಯಾರ—

ಬಾಗಿಲು ತೆರೆಯಿತು. ಮಾರ್ಫಾ. ಕೈ ಬೀಸಿ ಕರೆಯುತ್ತಿದ್ದಾಳೆ, ಬೇಗ ಅಂತ